ಹನ್ನೊಂದನೆಯ ಅಚ್ಚು

ಪತ್ರ ನಾಲ್ಕು ಮಡಿಕೆಯಾಗಿ ಫಿಟ್ಟರ್ ಅವರ ಅಂಗಿ ಜೇಬಿನಲ್ಲಿತ್ತು. ಹದಿಮೂರು ದಿನಗಳಲ್ಲಿ ಅದನ್ನು ಎಷ್ಟು ಸಲ ಬಿಡಿಸಿ ಮಡಿಚಿದ್ದರೆಂದರೆ, ನಡುವಿನ ಮಡಿಕೆ ಸೀಳಿ ಕಾಗದಕ್ಕೆ ಕಿಂಡಿ ಬಿದ್ದಿತ್ತು. ಕಾರ್ಖಾನೆಯ ತರಬೇತಿ ಶಾಲೆಯಲ್ಲಿ ಬಾಗಿಲು ಜೋಡಣೆ ಕಲಿಸಲು ಬರುತ್ತೀರಾ, ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ತಿಳಿಸಿ ಎಂದು ಅದರಲ್ಲಿತ್ತು. ತಲೆ ಕೆಡಿಸಿದ್ದು ಕೊನೆಯ ಸಾಲು: ಒಪ್ಪಿದವರು ಮತ್ತೆ ಜೋಡಣಾ ವಿಭಾಗಕ್ಕೆ ಮರಳುವಂತಿಲ್ಲ.

ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಬೇರೆ ಯಾವಾಗಲಾದರೂ ಆಗಿದ್ದರೆ ಅದೇ ದಿನ ಸಹಿ ಹಾಕಿ ಕೊಟ್ಟುಬಿಡುತ್ತಿದ್ದರೇನೋ. ಆದರೆ ಅದೇ ತಿಂಗಳು ಫೋನಿನಿಂದ ಫೋನಿಗೆ ಒಂದು ಸುದ್ದಿ ಹಾರಾಡುತ್ತಿತ್ತು. ಒಂಬತ್ತು ವರ್ಷದ ಹಿಂದೆ ಕಂಪನಿ ನಿಲ್ಲಿಸಿದ್ದ ಮಧ್ಯಮ ಗಾತ್ರದ ಪಿಕಪ್ ಮತ್ತೆ ತಯಾರಾಗುತ್ತದಂತೆ.

ಆ ಪಿಕಪ್ಪಿನ ಬಾಗಿಲುಗಳನ್ನು ಫಿಟ್ಟರ್ ಹದಿನಾಲ್ಕು ವರ್ಷ ಕೈಯಾರೆ ಕೂರಿಸಿದ್ದರು. ಕೀಲು ಬಿಗಿದು, ಸುತ್ತಲಿನ ಸಂದನ್ನು ಗೇಜಿನಿಂದ ಅಳೆದು, ಕೊನೆಗೆ ಬಾಗಿಲು ಹಾಕಿ ಕಿವಿಗೊಡುತ್ತಿದ್ದರು. ಸದ್ದು ತುಂಬಿಕೊಂಡು ಬಂದರೆ ಸರಿ. ಡಬ್ಬದ ಸದ್ದು ಬಂದರೆ ಮತ್ತೆ ಬಿಚ್ಚುವುದೇ. ಸರಿಯಿದ್ದರೂ ಇನ್ನೊಂದು ಸಲ ಹಾಕಿ ನೋಡದೆ ಗಾಡಿಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಹಾಗಾಗಿಯೇ ವಿಭಾಗದಲ್ಲಿ ಅವರಿಗೆ ‘ಇನ್ನೊಂದ್ಸಲ’ ಎಂಬ ಅಡ್ಡಹೆಸರು ಬಿದ್ದಿತ್ತು.

ಈಗ ಸಣ್ಣ ಕಾರುಗಳ ಸಾಲಿನಲ್ಲಿ ಬಾಗಿಲು ಕೂರಿಸುವುದು ಯಂತ್ರ. ಅದು ಕೂರಿಸಿದ ಬಾಗಿಲಿನ ಮೇಲೆ ಫಿಟ್ಟರ್ ‘ಸರಿಯಿದೆ’ ಎಂಬ ಹಸಿರು ಚೀಟಿ ಅಂಟಿಸುತ್ತಾರೆ. ಬೆರಳುಗಳಿಗೆ ಕೆಲಸವಿಲ್ಲದೆ ಅವು ಮನೆಯ ಬಾಗಿಲುಗಳ ಬೆನ್ನು ಹತ್ತಿದ್ದವು.

“ರೀ, ಆ ಫ್ರಿಜ್ಜನ್ನ ಬಿಡ್ರೀ,” ಎಂದರು ಹೆಂಡತಿ ಆ ಭಾನುವಾರ. “ಒಳಗಿರೋ ಮೊಸರಿಗೂ ಗಾಬರಿ ಆಗಿದೆ.”

“ಮೇಲಿನ ಮೂಲೇಲಿ ರಬ್ಬರ್ ಹಿಡೀತಾ ಇಲ್ಲ.”

“ಹಿಡೀತಾ ಇಲ್ದೆ ಇರೋದು ನಿಮ್ಮ ಮನಸ್ಸು. ಹೋಗ್ತೀನಿ ಅನ್ನಿ, ಇಲ್ಲಾ ಹೋಗಲ್ಲ ಅನ್ನಿ. ಎರಡರಲ್ಲಿ ಒಂದು.”

“ಗಾಡಿ ಬರುತ್ತೋ ಇಲ್ವೋ ಗೊತ್ತಾಗಲಿ.”

“ಅದೇನು ಕಾಗದ ಹಾಕಿ ತಿಳಿಸುತ್ತಾ ನಿಮಗೆ?”

ಸೋಮವಾರ ಬೆಳಿಗ್ಗೆ ಗಾಡಿ ಏನೋ ತಿಳಿಸಿದಂತೆಯೇ ಆಯಿತು. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ, ತಗಡಿನ ಮಾಡಿನ ಕೆಳಗೆ, ಆ ಪಿಕಪ್ಪಿನ ಅಚ್ಚುಗಳಿದ್ದವು. ತಗಡನ್ನು ಒತ್ತಿ ಬಾಗಿಲು, ಚಾವಣಿಯ ಆಕಾರ ಕೊಡುವ ಕಬ್ಬಿಣದ ದೈತ್ಯರು. ಒಂದೊಂದೂ ಹಲವು ಟನ್. ಒಂಬತ್ತು ವರ್ಷದಿಂದ ಗ್ರೀಸು ಬಳಿಸಿಕೊಂಡು ಮಲಗಿದ್ದವು. ಫಿಟ್ಟರ್ ಕೆಲಸಕ್ಕೆ ಹೋಗುವ ಬಸ್ಸು ಅಂಗಳದ ಬೇಲಿಯ ಪಕ್ಕ ತಿರುಗಿದಾಗ ಮಾಡಿನ ಕೆಳಗೆ ಬರಿದಾಗಿತ್ತು. ಟಾರ್ಪಾಲು ಹೊದಿಸಿದ ಎರಡು ಟ್ರೇಲರ್ ಹೊರಗೆ ಹೊರಟಿದ್ದವು. ಫಿಟ್ಟರ್ ಸೀಟಿನಿಂದ ಎದ್ದು, ಕಿಟಕಿಗೆ ಹಣೆ ಒತ್ತಿ, ಉಬ್ಬುಗಳನ್ನು ಎಣಿಸಿದರು. ಆರು ಮತ್ತು ಐದು. ಹನ್ನೊಂದು. ಇನ್ನೊಂದು ಸಲ ಎಣಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಆ ಸಂಜೆ ಮನೆಗೆ ಬಂದಿದ್ದ ಬಾಮೈದನಿಗೆ ಮಾತ್ರ ಇದನ್ನು ಹೇಳಿದರು. ಅವನು ಅದೇ ಪಿಕಪ್ಪನ್ನು ಇಟ್ಟುಕೊಂಡು ಪೀಠೋಪಕರಣ ಸಾಗಿಸುವವನು.

“ಅಂದ್ರೆ ತಗಡು ಒತ್ತೋಕೇ ಕಳಿಸಿದಾರೆ, ಗಾಡಿ ಬರೋದು ಗ್ಯಾರಂಟಿ ಬಾವ!”

“ಒಂದು ಗೇಜಿನ ಮಾತು ನಂಬಬಾರದು ಕಣೋ. ಎರಡನೇದು ಅದನ್ನೇ ಹೇಳಬೇಕು.”

ಇದು ಅವರ ವೃತ್ತಿಯ ಕಟ್ಟಳೆ. ಅದಕ್ಕೊಂದು ಬಾಲವೂ ಇತ್ತು. ಹಿಂದೊಮ್ಮೆ ಎರಡು ಗೇಜುಗಳು ಕರಾರುವಾಕ್ಕಾಗಿ ಒಂದೇ ಅಳತೆ ತೋರಿಸುತ್ತಿದ್ದವು, ಬಾಗಿಲು ಮಾತ್ರ ಡಬ್ಬದಂತೆ ಸದ್ದು ಮಾಡುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ತಿಳಿಯಿತು: ಎರಡನ್ನೂ ಸರಿಹೊಂದಿಸಿದ್ದು ಯಾರೋ ಕೆಳಗೆ ಬೀಳಿಸಿದ್ದ ಒಂದೇ ಮಾದರಿ ತುಂಡಿನಿಂದ. ಎರಡರ ತಪ್ಪೂ ಅರ್ಧ ಮಿಲಿಮೀಟರ್, ಕೂದಲೆಳೆಯ ವ್ಯತ್ಯಾಸವಿಲ್ಲ. ಬೇರೆ ಬೇರೆ ಗೇಜುಗಳು ಬೇರೆ ಬೇರೆಯಾಗಿ ತಪ್ಪುತ್ತವೆ. ಒಂದೇ ತಪ್ಪನ್ನು ಹೇಳಿದರೆ ಅವು ಎರಡಲ್ಲ, ಒಂದೇ.

ಗುರುವಾರ ಬಸ್ಸಿನಲ್ಲಿ ಫೋನು ತೆರೆದಾಗ ಎರಡನೆಯ ಗೇಜು ಸಿಕ್ಕಿತು. ವಾಹನಗಳ ಸುದ್ದಿ ಹಾಕುವ ಜಾಲತಾಣವೊಂದು ಬರೆದಿತ್ತು: ‘ಕಾರ್ಖಾನೆಯ ಒಳಗಿನವರ ಪ್ರಕಾರ, ಹಳೆಯ ಪಿಕಪ್ಪಿನ ಹನ್ನೊಂದು ಅಚ್ಚುಗಳು ಅಂಗಳದಿಂದ ಹೊರಟಿವೆ.’ ಹನ್ನೊಂದು! ಫಿಟ್ಟರ್ ತಮ್ಮ ನಿಲ್ದಾಣದಲ್ಲಿ ಇಳಿಯುವುದನ್ನೇ ಮರೆತು, ಎರಡು ನಿಲ್ದಾಣ ನಡೆದು ವಾಪಸಾದರು.

“ಹೋಗಲ್ಲ,” ಎಂದರು ಹೆಂಡತಿಗೆ. “ಗಾಡಿ ಬರ್ತಿದೆ. ಬಾಗಿಲು ಕೂರಿಸೋಕೆ ನಾನು ಬೇಕಾಗ್ತೀನಿ.”

ಅವರು ತಟ್ಟೆ ಒರೆಸುತ್ತಾ ಗಂಡನ ಮುಖ ನೋಡಿದರು. “ಸರಿ. ಹಾಗಾದ್ರೆ ಇವತ್ತಾದ್ರೂ ಕೂತ್ಕೊಂಡು ಊಟ ಮಾಡಿ.”

ಕೂತರು. ಎರಡು ತುತ್ತಿಗೆ ಎದ್ದು ಹೋಗಿ ಕಪಾಟಿನ ಬಾಗಿಲು ಹಾಕಿ ಬಂದರು.

ಶನಿವಾರ ಹನ್ನೆರಡಕ್ಕೆ, ಚಹಾ ಯಂತ್ರದ ಮುಂದೆ, ಅಂಗಳದ ಕ್ರೇನ್ ನಡೆಸುವವನು ಸಿಕ್ಕಿದ. ಹೊಟ್ಟೆ ಮುಂದೆ, ಆಮೇಲೆ ಆಸಾಮಿ.

“ಏನ್ ಇನ್ನೊಂದ್ಸಲಣ್ಣ, ಮುಖದಲ್ಲಿ ಮದುವೆ ಕಳೆ!”

“ಹನ್ನೊಂದು ಅಚ್ಚು ಎತ್ತಿದ್ಯಲ್ಲ ಮಾರಾಯ, ಕಳೆ ಬರದೇ ಇರುತ್ತಾ?”

“ಹನ್ನೊಂದೆಲ್ಲಿ? ಹತ್ತು.”

“ನಾನೇ ಎಣಿಸಿದೀನಿ. ಆರು, ಐದು.”

“ಆ ಐದರಲ್ಲಿ ಒಂದು ಕಾಂಕ್ರೀಟ್ ದಿಂಡು ಅಣ್ಣ. ಟ್ರೇಲರ್ ಒಂದು ಕಡೆ ವಾಲ್ತಿತ್ತು, ತೂಕಕ್ಕೆ ಅಂತ ನಾನೇ ಇಟ್ಟೆ. ಟಾರ್ಪಾಲಿನ ಕೆಳಗೆ ಎಲ್ಲರೂ ಒಂದೇ ಥರ ಕಾಣ್ತಾರೆ, ನಾನೂ ಸೇರಿ.”

ಫಿಟ್ಟರ್ ನಗಲಿಲ್ಲ. ಚಹಾ ಕೈಯಲ್ಲೇ ಆರಿತು. ತಾನು ಎಣಿಸಿದ್ದು ತಪ್ಪು, ಇರಲಿ. ಜಾಲತಾಣದವರು ಎಣಿಸಿದ್ದೂ ಹನ್ನೊಂದು. ಕಾಂಕ್ರೀಟ್ ದಿಂಡನ್ನು ಅವರೂ ಅಚ್ಚೆಂದುಕೊಂಡರೇ? ಅವರೂ ಆ ಬಸ್ಸಿನ ಆ ಕಿಟಕಿಯಲ್ಲೇ ಕೂತಿದ್ದರೇ?

ಬಾಮೈದನಿಗೆ ಫೋನು ಮಾಡಿದರು. “ಹನ್ನೊಂದು ಅಚ್ಚಿನ ವಿಷಯ ಯಾರಿಗಾದ್ರೂ ಹೇಳಿದ್ಯಾ?”

“ನಮ್ಮ ಪಿಕಪ್ ಗ್ರೂಪಲ್ಲಿ ಹಾಕ್ದೆ ಬಾವ. ಅವತ್ತೇ ರಾತ್ರಿ. ನಿಮ್ಮ ಹೆಸರು ಹಾಕಿಲ್ಲ, ‘ಒಳಗಿನವರು’ ಅಂದೆ. ಯಾಕೆ, ತಪ್ಪಾಯ್ತಾ?”

“ಇಲ್ಲ ಕಣೋ. ಕೆಟ್ಟ ಗೇಜು ನಿಂದಲ್ಲ, ನಂದು.”

ಎರಡನೆಯ ಗೇಜು ಎಂದುಕೊಂಡದ್ದು ತಮ್ಮದೇ ಬಾಯಿ. ಮೂರು ದಿನ ಊರು ಸುತ್ತಿ ಮರಳಿತ್ತು, ಅಷ್ಟೇ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು.

“ಎಲ್ಲಿಗೆ ಹೋದ್ವು ಅವು?” ಎಂದು ಕ್ರೇನಿನವನನ್ನು ಕೇಳಿದರು.

“ನನಗೇನು ಗೊತ್ತು? ಎತ್ತು ಅಂದ್ರು, ಎತ್ತಿದೆ. ಗೇಟು ದಾಟಿ ಎಡಕ್ಕೆ ತಿರುಗಿದ್ವು. ಎಡಕ್ಕೆ ಕಂಪನಿಯ ಇನ್ನೊಂದು ಕಾರ್ಖಾನೆನೂ ಇದೆ, ಗುಜರಿ ಕರಗಿಸೋ ಕುಲುಮೆನೂ ಇದೆ.”

ಆಡಳಿತ ಕಚೇರಿಗೆ ನಡೆದರೆ ಹನ್ನೆರಡು ನಿಮಿಷ. ಫಿಟ್ಟರ್ ಬಣ್ಣದ ವಿಭಾಗದವರೆಗೆ ಹೋಗಿ ನಿಂತರು. ಹಿಂದಕ್ಕೆ ತಿರುಗಿದರು. ಮತ್ತೆ ಮುಂದಕ್ಕೆ ತಿರುಗಿದರು. ಗಾಡಿ ಬರುವುದಿಲ್ಲ ಎಂದೂ ಸಾಬೀತಾಗಿರಲಿಲ್ಲವಲ್ಲ! ಇದ್ದ ಒಂದು ಗೇಜೂ ಕೆಟ್ಟಿದೆ, ಅಷ್ಟೇ ಗೊತ್ತಿದ್ದದ್ದು. ಕೆಟ್ಟ ಗೇಜು ಕೈಯಲ್ಲಿದ್ದಾಗ ಏನು ಮಾಡುತ್ತಿದ್ದೆ? ಅದನ್ನು ಪಕ್ಕಕ್ಕಿಟ್ಟು, ಕೈಗೆ ಸಿಗುವುದನ್ನು ಮುಟ್ಟಿ ನೋಡುತ್ತಿದ್ದೆ. ಕೈಗೆ ಸಿಗುವುದು ಎರಡೇ: ಹಸಿರು ಚೀಟಿಯ ಕಟ್ಟು, ಮತ್ತು ಜೇಬಿನಲ್ಲಿದ್ದ ಪತ್ರ. ಚೀಟಿ ಅಂಟಿಸಲು ತಮ್ಮ ಬೆರಳುಗಳೇ ಬೇಕೆಂದೇನಿರಲಿಲ್ಲ.

ಆಡಳಿತ ಕಚೇರಿಯಲ್ಲಿ ಗುಮಾಸ್ತೆ ಕೈಚೀಲಕ್ಕೆ ಊಟದ ಡಬ್ಬಿ ತುಂಬುತ್ತಿದ್ದಳು. ಒಂದಕ್ಕೆ ಇನ್ನೂ ಎಂಟು ನಿಮಿಷವಿತ್ತು.

“ಇದೇನು ಸರ್, ಇಲಿ ಕಚ್ಚಿದೆಯಾ ಪತ್ರಕ್ಕೆ?”

“ನಾನೇ ಕಚ್ಚಿದ್ದಮ್ಮ,” ಎಂದು ‘ಒಪ್ಪಿದ್ದೇನೆ’ ಎಂಬಲ್ಲಿ ಸಹಿ ಹಾಕಿದರು. ಪೆನ್ನು ಕೊಡದೆ, ಅಂಚಿನಲ್ಲಿ ಇನ್ನೇನೋ ಬರೆಯತೊಡಗಿದರು.

“ಷರತ್ತು ಹಾಕೋ ಹಾಗಿಲ್ಲ ಸರ್.”

“ಷರತ್ತಲ್ಲ, ವಿನಂತಿ. ಪಾಠಕ್ಕೆ ಆ ಹಳೇ ಪಿಕಪ್ಪಿನ ಒಂದು ಬಾಗಿಲು ಬೇಕು. ಎಡಗಡೆದು. ಕೀಲಿನ ಸಮೇತ.”

“ಅದು ಮತ್ತೆ ಬರ್ತಿದೆಯಂತಲ್ಲ ಸರ್? ಹೊಸದೇ ಸಿಗಬಹುದು.”

“ಯಾರು ಹೇಳಿದ್ದು?”

“ಎಲ್ಲರೂ.”

ಸಂಜೆ ಹೆಂಡತಿಗೆ ವಿಷಯ ತಿಳಿಸುತ್ತಿದ್ದಾಗಲೇ ಬಾಮೈದನ ಫೋನು ಬಂತು. “ಬಾವ, ಇನ್ನೊಂದು ಜಾಲತಾಣದವರೂ ಹಾಕಿದಾರೆ! ಈಗ ಹದಿನಾಲ್ಕು ಅಚ್ಚಂತೆ!”

“ನಾಳೆಯೊಳಗೆ ಮರಿ ಹಾಕಿ ಇಪ್ಪತ್ತಾಗ್ತವೆ,” ಎಂದರು ಫಿಟ್ಟರ್. ಆದರೂ ಫೋನಿಟ್ಟ ಮೇಲೆ ಅದನ್ನು ತೆರೆದು, ಆ ಸುದ್ದಿಯನ್ನು ಕೊನೆಯವರೆಗೂ ಓದಿದರು.

ತರಬೇತಿ ಶಾಲೆ ಕಾರ್ಖಾನೆಗಿಂತ ಒಂದು ನಿಲ್ದಾಣ ಮುಂದೆ. ಹೊಸ ಕೆಲಸದ ಮೊದಲ ದಿನ ಬಸ್ಸು ಅಂಗಳದ ಬೇಲಿಯ ಪಕ್ಕ ತಿರುಗುವಾಗ ಅವರು ಕಿಟಕಿಗೆ ಹಣೆ ಒತ್ತಿದರು. ಮಾಡಿನ ಕೆಳಗಿನ ನೆಲದಲ್ಲಿ, ಅಚ್ಚುಗಳು ಕೂತಿದ್ದ ಕಡೆಯೆಲ್ಲ, ಗ್ರೀಸಿನ ಕಪ್ಪು ಚೌಕಗಳು. ಅವತ್ತೇ ನೋಡಬೇಕಿದ್ದದ್ದು ಟ್ರೇಲರನ್ನಲ್ಲ, ಇವನ್ನು.

ಹತ್ತು.

ಮುಂದೆ ಲಾರಿಯೊಂದು ಅಡ್ಡ ನಿಂತು ಬಸ್ಸನ್ನು ತಡೆಯಿತು. ಫಿಟ್ಟರ್ ಇನ್ನೊಂದು ಸಲ ಎಣಿಸಿದರು.