ಗೋಪೀನಾಥ ಮೇಷ್ಟ್ರ ಓಟದ ಮೌನವ್ರತ

ಗೋಪೀನಾಥ ಮೇಷ್ಟ್ರು ನಮ್ಮ ಎದುರುಮನೆಯವರು. ಹೊಸಹಳ್ಳಿಯ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದವರು, ಉಳಿದರ್ಧ ಮಕ್ಕಳ ಅಪ್ಪಂದಿರನ್ನು ಶಾಲೆಗೆ ಕರೆಸಿ ಬುದ್ಧಿ ಹೇಳಿದವರು. ಹಾಗಾಗಿ ಅವರನ್ನು ಅರಿಯದವರೇ ಇಲ್ಲ. ಬೀದಿಯಲ್ಲಿ ಯಾರು ಎದುರಾದರೂ ನಿಂತು, ಕೈಮುಗಿದು, ಕುಶಲ ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ಸಾರಿಗೆ ಕೊತ್ತಂಬರಿ ಸೊಪ್ಪು ತರಲು ಹೋದವರು ಊಟದ ಎಲೆ ಎತ್ತುವ ಹೊತ್ತಿಗೆ ಸೊಪ್ಪು ಹಿಡಿದು ಬರುತ್ತಿದ್ದರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಅನ್ನುವ ಗಾದೆಯನ್ನು ಇಂಥವರನ್ನು ನೋಡಿಯೇ ಕಟ್ಟಿರಬೇಕು. ಅಂಥ ಮನುಷ್ಯ, ಎಪ್ಪತ್ತರ ದಶಕದ ನಡುವಿನಲ್ಲಿ, ಓಡುವುದನ್ನು ಕಲಿತರು.

ನಲವತ್ತು ದಾಟಿದ ಮೇಲೆ ಅವರಿಗೆ ಶಾಲೆಯ ಮಹಡಿ ಹತ್ತಿದರೆ ಏದುಸಿರು ಬರತೊಡಗಿತ್ತು. ಡಾಕ್ಟರು ಬೈದರು. ನಿವೃತ್ತ ಡ್ರಿಲ್ ಮೇಷ್ಟ್ರು ಚನ್ನಮಲ್ಲಪ್ಪನವರು, ಇವರನ್ನು ನನಗೆ ಬಿಡಿ ಎಂದು ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿದ್ದ ಶಾಲೆಯ ಮೈದಾನಕ್ಕೆ ಎಳೆದುಕೊಂಡು ಹೋದರು. ಮೊದಮೊದಲು ಒಂದು ಸುತ್ತು ನಡಿಗೆ, ಅರ್ಧ ಸುತ್ತು ಓಟ. ಆಮೇಲೆ ನಡಿಗೆ ಕಡಿಮೆಯಾಗುತ್ತ ಓಟ ಹೆಚ್ಚಾಗುತ್ತ ಬಂತು. ರಜೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಅರ್ಧ ಗಂಟೆ ಎಲ್ಲೂ ನಿಲ್ಲದೆ ಓಡಬಲ್ಲವರಾಗಿದ್ದರು. ಆ ಸಂತೋಷಕ್ಕೆ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಪಾಕ ಗಟ್ಟಿಯಾಗಿತ್ತು, ಆದರೆ ಅವರ ಮುಖ ನೋಡಿ ನಾನು ಏನೂ ಅನ್ನಲಿಲ್ಲ.

ನಿಜವಾದ ಓಟಗಾರ್ತಿ ಅವರ ಮಗಳು ಸೀತಾ. ಆಗ ಒಂಬತ್ತನೇ ಕ್ಲಾಸು. ದಸರಾ ಕಳೆದ ಮೇಲೆ ಶಾಲಾ ಮಕ್ಕಳ ದೂರದ ಓಟಕ್ಕೆ ಜಿಲ್ಲೆಯ ಆಯ್ಕೆ ಇತ್ತು. ಅದಕ್ಕೆ ಮೈದಾನದ ಸುತ್ತು ಸಾಲದು, ರಸ್ತೆಯ ಏರು ತಗ್ಗುಗಳಲ್ಲಿ ಓಡಿ ಪಳಗಬೇಕು ಎಂದು ಚನ್ನಮಲ್ಲಪ್ಪನವರು ಹೇಳಿದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಮೇಷ್ಟ್ರ ತಾಯಿ ಪುಟ್ಟಲಕ್ಷ್ಮಮ್ಮನವರದು. ಓಡಲಿ, ತಾನು ಬೇಡ ಅನ್ನುವುದಿಲ್ಲ, ಆದರೆ ಬೆಳೆದ ಹುಡುಗಿ ಅಪ್ಪನ ಕಣ್ಣಳತೆ ದಾಟಿ ಹೋಗಕೂಡದು ಎಂದುಬಿಟ್ಟರು.

ಮೇಷ್ಟ್ರು ಹಿಂದೆ ಸೈಕಲ್ ತುಳಿದುಕೊಂಡು ಹೋಗಬಹುದಲ್ಲ ಎಂದು ನಾನೇ ಬಾಯಿ ಹಾಕಿದೆ. ಮುಂದೆ ಹುಡುಗಿ ಓಡುವುದು, ಹಿಂದೆ ಗಂಡಸು ಸೈಕಲ್ಲಿನಲ್ಲಿ ಅಟ್ಟಿಸಿಕೊಂಡು ಹೋಗುವುದು, ಕಂಡವರು ಏನೆಂದುಕೊಳ್ಳುತ್ತಾರೆ ಎಂದು ಅಜ್ಜಿ ನನ್ನನ್ನೇ ಗದರಿದರು. ಕೊನೆಗೆ ಅಪ್ಪ ಮಗಳು ಜೊತೆಯಲ್ಲೇ ಓಡುವುದೆಂದಾಯಿತು. ಅಪ್ಪನ ವೇಗ ಎಷ್ಟೋ ಮಗಳ ವೇಗವೂ ಅಷ್ಟೇ. ಹುಡುಗಿ ಆಯ್ಕೆಯಾಗಬೇಕಾದರೆ ಮೊದಲು ಮೇಷ್ಟ್ರ ಕಾಲು ಚುರುಕಾಗಬೇಕಿತ್ತು.

ಬೆಳಕು ಹರಿಯುತ್ತಲೇ ಇಬ್ಬರೂ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆಯ ಕಡೆಗೆ ಹೊರಡುತ್ತಿದ್ದರು. ದಾರಿಯಲ್ಲೊಂದು ಹುಣಸೆಮರ, ಅದನ್ನು ಮುಟ್ಟಿ ವಾಪಸು ಬರುವುದು. ಆ ಕಾಲದಲ್ಲಿ ದೊಡ್ಡ ಮನುಷ್ಯರು ಓಡಿದರೆಂದರೆ ಒಂದೋ ಯಾರೋ ಹೋಗಿಬಿಟ್ಟಿದ್ದಾರೆ, ಇಲ್ಲ ಬಸ್ಸು ತಪ್ಪಿದೆ. ಅಂಗಳ ಗುಡಿಸುತ್ತಿದ್ದ ಪಾಪಮ್ಮ ಪೊರಕೆ ಕೆಳಗಿಟ್ಟು, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ಗಾಬರಿಯಲ್ಲಿ ಕೇಳಿದಳು. ಮೇಷ್ಟ್ರು ನಿಂತು ಸಮಾಧಾನ ಹೇಳಿದರು. ಎಮ್ಮೆ ಕರೆಯುತ್ತಿದ್ದ ಕೆಂಚಪ್ಪ ಕಾಫಿ ಆಯಿತೇ ಎಂದ. ನಿಂತು ಉತ್ತರ ಕೊಟ್ಟು, ಎಮ್ಮೆಯ ಆರೋಗ್ಯವನ್ನೂ ವಿಚಾರಿಸಿದರು. ಒಂದು ದಿನವಂತೂ ಬಸ್ ಡ್ರೈವರ್ ಪಾಪ ಮೇಷ್ಟ್ರು ಎಂದು ಸ್ಟಾಪೇ ಇಲ್ಲದ ಕಡೆ ಬಸ್ಸು ನಿಲ್ಲಿಸಿದ. ಅಷ್ಟು ಪ್ರೀತಿಯಿಂದ ನಿಲ್ಲಿಸಿದ್ದಾನೆ, ಬೇಡವೆನ್ನುವುದು ಹೇಗೆ? ಇಬ್ಬರೂ ಹತ್ತಿ, ಟಿಕೆಟ್ ತೆಗೆದುಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು ಮತ್ತೆ ಓಡಿದರಂತೆ. ಇದನ್ನು ಕೇಳಿ ನನಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ.

ಚನ್ನಮಲ್ಲಪ್ಪನವರು ವೇಗಕ್ಕೆ ಮದ್ದು ಕೊಟ್ಟಿದ್ದರು. ವೇಗ ಬೇಕೆಂದು ದಿನವೂ ಜೋರಾಗಿ ಓಡಬಾರದು, ಓಡಿದರೆ ಮೊಣಕಾಲು ಕೈಕೊಡುತ್ತದೆ. ವಾರದಲ್ಲಿ ಎರಡು ದಿನ ಮಾತ್ರ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಜೋರಾಗಿ, ಅಲ್ಲಿಂದ ಮುಂದಿನದಕ್ಕೆ ನಿಧಾನವಾಗಿ. ಒಂದು ದಿನ ಏರು ಹತ್ತುವುದು. ಮಿಕ್ಕ ದಿನ ಹಾಯಾಗಿ ಓಡುವುದು, ಒಂದು ದಿನ ಸುಮ್ಮನೆ ಮಲಗುವುದು. ಮದ್ದೇನೋ ಸರಿಯಾಗಿತ್ತು. ಆದರೆ ಒಂದೊಂದು ಕಂಬಕ್ಕೂ ಒಬ್ಬೊಬ್ಬ ಪರಿಚಯದವರು ಒರಗಿ ನಿಂತಿದ್ದರೆ ಮೇಷ್ಟ್ರು ತಾನೇ ಏನು ಮಾಡಿಯಾರು?

"ನಿಮ್ಮ ಕಾಲಲ್ಲಿ ಏನೂ ದೋಷ ಇಲ್ಲ ಮೇಷ್ಟ್ರೇ," ಎಂದರು ಚನ್ನಮಲ್ಲಪ್ಪ. "ನಿಮ್ಮ ಬಾಯಿಗೆ ಯಾರಾದ್ರೂ ಬೀಗ ಹಾಕ್ಬೇಕು."

ಅಪ್ಪ ಮಾತು ಮುಗಿಸುವವರೆಗೆ ಸೀತಾ ಮುಂದಿನ ತಿರುವಿನಲ್ಲಿ ನಿಂತಲ್ಲೇ ಕಾಲು ಕುಣಿಸುತ್ತ ಕಾಯುತ್ತಿದ್ದಳು. ಮೈ ಬಿಸಿಯೇರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಆಯ್ಕೆಗೆ ಇನ್ನೊಂದೂವರೆ ತಿಂಗಳಿರುವಾಗ ಒಂದು ಬೆಳಿಗ್ಗೆ ಅವಳು ಜಗಲಿಯ ಮೇಲೆ ಕೂತು, ಅಪ್ಪನ ಮುಖ ನೋಡದೆ ಹೇಳಿದಳು.

"ಬಿಡಪ್ಪ, ನನ್ನ ಹೆಸರು ತೆಗೆಸಿಬಿಡ್ತೀನಿ. ನಿಂಗೆ ಅವ್ರನ್ನೆಲ್ಲ ಮಾತಾಡಿಸ್ದೆ ಬರೋಕಾಗಲ್ಲ. ನಿನ್ನ ತಪ್ಪೇನಿಲ್ಲ ಬಿಡು."

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ, ತಪ್ಪೇನಿಲ್ಲ ಎಂದದ್ದು ಅವರಿಗೆ ನಾಟಿತು. ಒಳಗೆ ಅಕ್ಕಿ ಆರಿಸುತ್ತಿದ್ದ ಪುಟ್ಟಲಕ್ಷ್ಮಮ್ಮನವರ ಕಿವಿಗೂ ಇದು ಬಿದ್ದಿತ್ತು. ಮಧ್ಯಾಹ್ನ ಒಳ್ಳೆಯ ಸೀರೆ ಉಟ್ಟು, ಕೊಡೆ ಹಿಡಿದು ಹೊರಟರು. ಮೊದಲು ಬಂದದ್ದು ನಮ್ಮ ಮನೆಗೇ.

"ನಮ್ಮ ಗೋಪಿ ಒಂದು ವ್ರತ ಹಿಡಿದಿದಾನೆ ಕಣೇ," ಎಂದರು. "ಬೆಳಿಗ್ಗೆ ಓಡಿ ಬಂದು ಸ್ನಾನ ಮಾಡೋವರ್ಗೂ ಮೌನ. ನಡುವೆ ಮಾತಾಡಿಸಿದ್ರೆ ಅವನಿಗಲ್ಲ, ಮಾತಾಡಿಸಿದವರಿಗೇ ದೋಷ."

ಆಮೇಲೆ ನನ್ನ ಕಿವಿಯ ಬಳಿ ಇನ್ನೊಂದು ಮಾತು ಹೇಳಿ, ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡರು. ಹೀಗೆಯೇ ದಾರಿಯ ಮನೆಮನೆಗೂ ಹೋದರು. ಅರವತ್ತೆಂಟರ ಮುದುಕಿ, ಮಂಡಿನೋವು ಬೇರೆ, ಹುಣಸೆಮರದವರೆಗೆ ನಡೆದು ಬಂದರು. ಸುದ್ದಿ ತಿಳಿದ ಮೇಷ್ಟ್ರು, ಇಲ್ಲದ ವ್ರತ ಹೇಳಿದ್ದು ಸುಳ್ಳಲ್ಲವೇ ಎಂದು ಒದ್ದಾಡಿದರಂತೆ. ನೀನು ಮಾತಾಡದೆ ಇದ್ದರೆ ತಾನಾಗಿ ನಿಜವಾಗುತ್ತದೆ ಎಂದು ತಾಯಿ ತೀರ್ಮಾನ ಮಾಡಿದರು.

ನಿಜವೇ ಆಯಿತು. ಮರುದಿನದಿಂದ ಮೇಷ್ಟ್ರು ಬಂದರೆ ಬೀದಿಯೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕೆಂಚಪ್ಪ ಮಾತು ಜಾರೀತೆಂದು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದ. ಡ್ರೈವರ್ ಹಾರ್ನ್ ಸಹ ಮಾಡದೆ ಬಸ್ಸು ಪಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ. ಗೇಟಿನಲ್ಲಿ ನಿಂತು ಕಾಫಿ ಆಯಿತೇ ಎಂದು ಕೇಳದೆ ಇರುವುದು ನನಗೆ ಏಕಾದಶಿ ಉಪವಾಸಕ್ಕಿಂತ ಕಷ್ಟವಾಯಿತು. ಅತ್ತ ಮೇಷ್ಟ್ರ ಕಾಲು ಕಂಬದಿಂದ ಕಂಬಕ್ಕೆ ಚುರುಕಾಗುತ್ತ ಬಂತು. ಮೊದಲು ಮಗಳು ಕಾಯುತ್ತಿದ್ದಳು, ಆಮೇಲೆ ಹತ್ತು ಮಾರು ಹಿಂದೆ ಮೇಷ್ಟ್ರು, ಆಮೇಲೆ ಜೊತೆಜೊತೆಗೇ. ಹೊಟ್ಟೆ ಕರಗಿ ಪ್ಯಾಂಟನ್ನು ದರ್ಜಿಗೆ ಕೊಟ್ಟು ಹಿಡಿಸಿಕೊಂಡರು.

ಆದರೆ ಬೆಳೆಯುವ ಕಾಲಿಗೂ ನಲವತ್ತು ದಾಟಿದ ಕಾಲಿಗೂ ಎಲ್ಲಿಯ ಜೋಡಿ? ಆಯ್ಕೆಯ ಹಿಂದಿನ ವಾರ, ಒಮ್ಮೆ ಪೂರ್ತಿ ಬಲ ಹಾಕಿ ಓಡಿ ನೋಡು ಎಂದು ಚನ್ನಮಲ್ಲಪ್ಪನವರು ಸೀತಾಳಿಗೆ ಹೇಳಿದ್ದರು. ಅವಳು ಓಡಿದಳು. ಮೇಷ್ಟ್ರು ಪ್ರಾಣ ಒತ್ತೆಯಿಟ್ಟು ಓಡಿದರೂ ಮೊದಲನೆಯ ತಿರುವಿನಲ್ಲೇ ಅವಳು ಮರೆಯಾದಳು. ತಿರುವು ದಾಟಿ ನೋಡಿದರೆ ಅಲ್ಲೂ ಇಲ್ಲ. ತಾಯಿಗೆ ಕೊಟ್ಟ ಮಾತು ನೆನಪಾಗಿ ಮೇಷ್ಟ್ರು ಕಂಗಾಲಾಗಿ ಸುತ್ತಲೂ ಹುಡುಕಿದರು.

ಆಗ ಪಾಪಮ್ಮ ತುಟಿ ಬಿಚ್ಚದೆ ಪೊರಕೆಯೆತ್ತಿ ಮುಂದಕ್ಕೆ ತೋರಿಸಿದಳು. ಆ ಕಡೆ ಹೋದರೆ ಕೆಂಚಪ್ಪ ಹಾಲಿನ ತಂಬಿಗೆಯನ್ನೇ ಚಾಚಿ ದಾರಿ ತೋರಿಸಿದ. ಎದುರಿಗೆ ಬಂದ ಬಸ್ಸಿನ ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ ಹಿಂದಕ್ಕೆ ಬೆರಳು ಮಾಡಿದ. ಯಾರೂ ಒಂದಕ್ಷರ ಆಡಲಿಲ್ಲ. ಮರದ ಕೆಳಗೆ ಸೀತಾ ಸೊಂಟದ ಮೇಲೆ ಕೈಯಿಟ್ಟು ನಗುತ್ತ ನಿಂತಿದ್ದಳು.

ಮನೆಗೆ ಬಂದವರೇ ಮೇಷ್ಟ್ರು ಸ್ನಾನಕ್ಕೂ ಹೋಗದೆ, ವ್ರತ ಮುರಿದು, ಮಗಳು ಕಣ್ಣಳತೆ ದಾಟಿದಳೆಂದು ತಾಯಿಗೆ ಒಪ್ಪಿಸಿದರು. ಇನ್ನು ತನ್ನಿಂದಾಗದು, ಅವಳ ಜೊತೆ ಓಡುವ ಶಕ್ತಿ ತನಗಿಲ್ಲ ಎಂದರು. ಹಾಲು ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ.

"ಗೊತ್ತಿತ್ತು ಕಣೋ," ಎಂದರು ಪುಟ್ಟಲಕ್ಷ್ಮಮ್ಮ. "ಅವಳು ನಿನಗೆ ಸಿಗೋಳಲ್ಲ ಅಂತ ಅವತ್ತೇ ಗೊತ್ತಿತ್ತು. ನಂಗೆ ಓಡೋಕಾಗಲ್ಲ, ನಿಂಗೆ ಅವಳಷ್ಟು ಓಡೋಕಾಗಲ್ಲ. ಅದಕ್ಕೇ ಅವತ್ತು ವ್ರತದ ಜೊತೆಗೆ ಮನೆಮನೇಲೂ ಇನ್ನೊಂದು ಮಾತು ಕೇಳ್ಕೊಂಡು ಬಂದೆ. ನನ್ನ ಮೊಮ್ಮಗಳು ಓಡ್ತಾಳೆ, ಒಂದು ಕಣ್ಣು ಇಟ್ಟಿರ್ರಪ್ಪ ಅಂತ."

ಮೇಷ್ಟ್ರು ಅಲ್ಲೇ ತಾಯಿಯ ಪಕ್ಕದಲ್ಲಿ ಕುಸಿದು ಕೂತರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಸುಳ್ಳೇಕೆ ಹೇಳಲಿ.

ಸೀತಾ ಆಯ್ಕೆಯಾದಳು. ಆಮೇಲೆ ಅವಳು ಅವಳ ವೇಗಕ್ಕೆ, ಮೇಷ್ಟ್ರು ಮೇಷ್ಟ್ರ ವೇಗಕ್ಕೆ ಓಡಿದರು. ವ್ರತ ಮಾತ್ರ ಹಾಗೆಯೇ ಮುಂದುವರಿಯಿತು. ಬೆಳಿಗ್ಗೆ ಹುಡುಗಿ ನಮ್ಮ ಗೇಟು ದಾಟಿ ಹೋದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬೆವರು ಸುರಿಸಿಕೊಂಡು ಬರುತ್ತಿದ್ದರು. ಅವಳು ಹೋಗುವ ದಾರಿ ಅವರಿಗೆ ಚೆನ್ನಾಗಿ ಗೊತ್ತು. ಆದರೂ ನಾನು ಕೈಯೆತ್ತಿ ತೋರಿಸುತ್ತಿದ್ದೆ, ಅವರು ಕೈಮುಗಿದು ನಿಲ್ಲದೆ ಓಡುತ್ತಿದ್ದರು.