ಎತ್ತಿ ಕುಡಿದ ನೀರು

ಹೋದ ಮಂಗಳವಾರ ರಿವರ್‌ಸೈಡಿನ ನಮ್ಮ ಫ್ಲ್ಯಾಟಿನ ಗೇಟಿನ ಹೊರಗೆ ಒಬ್ಬ ಹೆಂಗಸು ಬಾಣಲೆ ಇಟ್ಟುಕೊಂಡು ಮಹಾಮ್ರಿ ಕರಿಯುತ್ತಿದ್ದಳು. ಮೈದಾಹಿಟ್ಟಿಗೆ ತೆಂಗಿನಹಾಲು, ಏಲಕ್ಕಿ ಹಾಕಿ ಕಲಸಿ, ಉಬ್ಬುವಂತೆ ಕರಿಯುವ ಮೊಂಬಾಸಾ ಕಡೆಯ ತಿಂಡಿ ಅದು. ಆ ಏಲಕ್ಕಿಯ ವಾಸನೆಗೆ ನಾನು ತರಕಾರಿ ಚೀಲ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಗೇಟು ಕಾಯುವವನು ಹತ್ತಿರ ಬಂದು, "ಮಮಾ, ಎಲ್ಲಾ ಸವಾ?" ಎಂದು ಕೇಳಿದ. ಸವಾ, ಎಲ್ಲಾ ಸರಿ, ಎಂದೆ. ಸರಿಯಿರಲಿಲ್ಲ. ಆ ತಿಂಡಿಯನ್ನು ಒಂಬತ್ತು ವರ್ಷ ನನ್ನ ಕೈಗೆ ತಂದುಕೊಟ್ಟವಳೊಬ್ಬಳಿದ್ದಳು. ಒಂದು ಸಲವೂ ನಾನು ಅದನ್ನು ಬಾಯಿಗೆ ಹಾಕಿರಲಿಲ್ಲ...

ಮಕ್ಕಳೇ, ನಿಮಗೆ ಅವಳ ನೆನಪಿರಲಿಕ್ಕಿಲ್ಲ. ಅವಳು ಕೆಲಸ ಬಿಟ್ಟು ಹೋದಾಗ ದೊಡ್ಡವಳು ಇನ್ನೂ ಅಂಬೆಗಾಲಿಡುತ್ತಿದ್ದಳು, ಚಿಕ್ಕವನು ಹುಟ್ಟಿರಲಿಲ್ಲ. ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಅಮ್ಮ ಓದಿ ಹೇಳಲಿ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಹಿಂದಿನ ಸಾಲಿನಲ್ಲೇ ಕೂತವಳು ನಾನು. ನಾಲ್ಕು ಜನ ಸೇರಿದರೆ ಈಗಲೂ ಬಾಯಿ ಒಣಗುತ್ತದೆ.

ಆಗ ನಾವು ಇದೇ ಊರಿನ ಲೊರೆಶೋದಲ್ಲಿ, ನಿಮ್ಮ ತಾತನ ಯೂನಿವರ್ಸಿಟಿಯವರು ಕೊಟ್ಟ ಮನೆಯಲ್ಲಿದ್ದೆವು. ಅವಳು ಹತ್ತಿರದ ಕಂಗೆಮಿಯಿಂದ ಬೆಳಿಗ್ಗೆ ನಡೆದು ಬಂದು, ಸಂಜೆ ನಡೆದು ಹೋಗುತ್ತಿದ್ದಳು. ಅವಳನ್ನು ನಾವೆಲ್ಲ ದಾದಾ ಎನ್ನುತ್ತಿದ್ದೆವು. ಸ್ವಾಹಿಲಿಯಲ್ಲಿ ಹಾಗೆಂದರೆ ಅಕ್ಕ. ಕರೆಯುವುದಕ್ಕೆ ಅಕ್ಕ, ಅಷ್ಟೇ. ಅವಳ ಚಹಾಕ್ಕೆ ನೀಲಿ ಬಣ್ಣದ ಬೇರೆ ಮಗ್ಗು ಇಟ್ಟಿದ್ದೆ. ಅದು ನಮ್ಮ ಲೋಟಗಳ ಜೊತೆ ಸೇರುತ್ತಿರಲಿಲ್ಲ, ಸಿಂಕಿನ ಪಕ್ಕದ ಮೊಳೆಗೆ ತೂಗುತ್ತಿತ್ತು. ಹಾಗೆ ತೂಗಬೇಕೆಂದು ನಾನು ಹೇಳಿರಲಿಲ್ಲ. ಮೊದಲ ದಿನವೇ ಅವಳಿಗೆ ಅರ್ಥವಾಗಿತ್ತು.

ನಾನು ಯಾರನ್ನೂ ನಂಬುತ್ತಿರಲಿಲ್ಲ. ಸಕ್ಕರೆ ಡಬ್ಬಿಯಲ್ಲಿ ಸಕ್ಕರೆಯನ್ನು ಸಮ ಮಾಡಿ, ಚಮಚದ ಹಿಡಿಯಿಂದ ಗೆರೆ ಎಳೆದಿಡುತ್ತಿದ್ದೆ. ನಿಮ್ಮ ತಾತ ಒಮ್ಮೆ ನೋಡಿ, "ಏನೇ ಇದು, ಸಕ್ಕರೆಗೆ ರಂಗೋಲಿ? ಇರುವೆಗಳಿಗೂ ಅವಮಾನ ಆಗುತ್ತೆ ಕಣೇ," ಎಂದಿದ್ದರು. ಸಂಜೆ ಅವಳು ಹೊರಡುವಾಗ ಬ್ಯಾಗು ತೆರೆದು ತೋರಿಸಬೇಕಿತ್ತು. ಸುತ್ತಲಿನ ಮನೆಗಳಲ್ಲೆಲ್ಲ ಹಾಗೇ ಇತ್ತು, ನಾನೂ ಹಾಗೇ ಮಾಡಿದೆ. ಅವಳು ನಮ್ಮ ಅಡುಗೆಮನೆಯಲ್ಲಿ ಕಲಿತ ಕನ್ನಡದಲ್ಲೇ ತಮಾಷೆ ಮಾಡುತ್ತಿದ್ದಳು. "ಅಮ್ಮಾ, ಇವತ್ತು ಫ್ರಿಜ್ಜು ತಗೊಂಡು ಹೋಗ್ತಾ ಇದೀನಿ. ಈ ಕಡೆ ಸ್ವಲ್ಪ ಹಿಡ್ಕೊಳ್ಳಿ." ನಾನು ನಗುತ್ತಿರಲಿಲ್ಲ. ಒಳಗೆ ಕೈ ಹಾಕಿ, ಮಡಿಸಿದ ಸ್ವೆಟರನ್ನೂ ಎತ್ತಿ ನೋಡುತ್ತಿದ್ದೆ.

ವರ್ಷಕ್ಕೊಂದು ಶನಿವಾರ ಅವಳು ರಜೆ ಕೇಳುತ್ತಿದ್ದಳು. ಹಬ್ಬವಲ್ಲ, ಸಾವಲ್ಲ, ಮದುವೆಯಲ್ಲ. "ನಮ್ಮವರ ದಿನ ಅಮ್ಮಾ," ಎನ್ನುವಳು. ಸೋಮವಾರ ಕಾಗದದಲ್ಲಿ ಸುತ್ತಿದ ಮಹಾಮ್ರಿ ತರುವಳು. ಕರಿದ ಎಣ್ಣೆ ಎಂಥದೋ, ಯಾರ ಕೈಯದೋ ಎಂದು ನಾನು ಅದನ್ನು ತೋಟದವನಿಗೆ ದಾಟಿಸಿ, "ತುಂಬಾ ಚೆನ್ನಾಗಿತ್ತು," ಎಂದು ಅವಳಿಗೆ ಹೇಳುತ್ತಿದ್ದೆ. ಆ ಶನಿವಾರ ಅವಳು ರುಂಡಾದ ಯಾವುದೋ ಬಿಳಿಯರ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆಂದೇ ನನ್ನ ಅನುಮಾನ.

ಒಮ್ಮೆ ಬಟಾಣಿ ಬಿಡಿಸುತ್ತಾ ಅವಳೇ ಹೇಳಿದಳು. ಅವಳ ಅಜ್ಜಿಯ ಅಮ್ಮನನ್ನು ಚಿಕ್ಕ ಹುಡುಗಿಯಾಗಿದ್ದಾಗ ಹಿಡಿದು, ಮಾರುವುದಕ್ಕೆ ಹಡಗಿಗೆ ತುಂಬಿದ್ದರಂತೆ. ಸಮುದ್ರದಲ್ಲಿ ಇನ್ನೊಂದು ಹಡಗು ಅಡ್ಡಹಾಕಿ ಎಲ್ಲರನ್ನೂ ಬಿಡಿಸಿತಂತೆ. ಊರು ಯಾವುದೆಂದು ಹೇಳಲು ಆ ಮಗುವಿಗೆ ಗೊತ್ತಿರಲಿಲ್ಲ. ಹಾಗಾಗಿ ಇಂಡಿಯಾಕ್ಕೆ ಕರೆದುಕೊಂಡು ಹೋದರು. ನಾಸಿಕದ ಹತ್ತಿರ ಪಾದ್ರಿಗಳ ಆಶ್ರಮದಲ್ಲಿ ಬೆಳೆದು, ದೊಡ್ಡವಳಾದ ಮೇಲೆ ಮೊಂಬಾಸಾಕ್ಕೆ ಬಂದು ನೆಲೆಸಿದಳು.

"ಅದಕ್ಕೇ ಅಮ್ಮಾ, ನಾನೂ ಸ್ವಲ್ಪ ನಿಮ್ಮ ಕಡೆಯವಳೇ," ಎಂದು ನಕ್ಕಳು.

ನಾನು ಅವಳ ಮುಖ ನೋಡಿದೆ, ಕೂದಲು ನೋಡಿದೆ. ಸಂಬಳ ಹೆಚ್ಚಿಸಿಕೊಳ್ಳಲು ಕಟ್ಟಿದ ಕಥೆ ಎಂದುಕೊಂಡೆ.

ನಿಮ್ಮ ತಾತ ತೀರಿಕೊಂಡ ವರ್ಷ ಅವಳು ಮೂರು ವಾರ ಮನೆಗೆ ಹೋಗದೆ ನನ್ನ ಕೋಣೆಯ ಬಾಗಿಲ ಬಳಿ ಮಲಗಿದಳು. ಆ ವರ್ಷ ರಜೆ ಕೇಳುವಾಗ ಹೇಳಿದಳು. "ಈ ಸಲ ನೀವೂ ಬನ್ನಿ. ಮನೆ ಬಿಟ್ಟು ಆಚೆ ಬಂದು ಎಷ್ಟು ದಿನ ಆಯ್ತು? ನಮ್ಮವರಿಗೆಲ್ಲ ಹೇಳಿದೀನಿ, ನನ್ನ ಇಂಡಿಯಾದ ಅಮ್ಮನ್ನ ಕರ್ಕೊಂಡು ಬರ್ತೀನಿ ಅಂತ."

ಒಪ್ಪಿಕೊಂಡೆ. ದುಃಖದಲ್ಲಿ ಹೂಂ ಎಂದೆನೋ, ಅವಳು ಎಲ್ಲಿಗೆ ಹೋಗುತ್ತಾಳೆಂದು ಕಣ್ಣಾರೆ ನೋಡುವ ಆಸೆಗೋ... ಎರಡನೆಯದೇ ಇರಬೇಕು.

ಅದು ಒಂದು ಪ್ರೈಮರಿ ಶಾಲೆಯ ಹಾಲ್. ಬಾಗಿಲಲ್ಲಿ ಇಬ್ಬರು ಹೆಂಗಸರು ಎಲ್ಲರ ಬ್ಯಾಗು ತಪಾಸಣೆ ಮಾಡುತ್ತಿದ್ದರು. ಬಾಂಬಿನ ಭಯಕ್ಕೆ ಈ ಊರಲ್ಲಿ ಎಲ್ಲೆಲ್ಲೂ ಇರುವ ಪದ್ಧತಿ. ನಾನು ಬ್ಯಾಗನ್ನು ಸೆರಗಿನಡಿ ಎಳೆದುಕೊಂಡೆ, ಏಕೆಂದರೆ ಅದರಲ್ಲಿ ಮನೆಯ ಸ್ಟೀಲ್ ಲೋಟ, ಒಂದು ಬಾಟಲಿ ನೀರು ಇತ್ತು. ಅಲ್ಲಿ ಏನನ್ನೂ ಮುಟ್ಟಬಾರದೆಂದೇ ತಂದಿದ್ದೆ. ಒಬ್ಬಳು ಕೈ ಚಾಚಿದಾಗ ದಾದಾ ನಡುವೆ ಬಂದಳು.

"ಇವರದ್ದು ನೋಡೋದು ಬೇಡ. ಇವರು ನನ್ನವರು."

ಆ ಹೆಂಗಸು ನಕ್ಕು ನನ್ನನ್ನು ಒಳಗೆ ಬಿಟ್ಟಳು.

ಮುದುಕರೊಬ್ಬರು ದಪ್ಪ ಪುಸ್ತಕ ಹಿಡಿದು ಹೆಸರು ಓದಿದರು. ಹಡಗಿನಿಂದ ಇಳಿದವರ ಹೆಸರುಗಳು. ಮೊದಲು ಪಾದ್ರಿಗಳು ಇಟ್ಟ ಹೆಸರು, ಆಮೇಲೆ ತಾಯಿ ಇಟ್ಟ ಹೆಸರು. ತಾಯಿ ಇಟ್ಟದ್ದು ಗೊತ್ತಿಲ್ಲದ ಕಡೆ ಅವರು ಸುಮ್ಮನೆ ನಿಲ್ಲುತ್ತಿದ್ದರು, ಕೂತವರೂ ಸುಮ್ಮನಾಗುತ್ತಿದ್ದರು. ಹಾಗೆ ಎಷ್ಟೋ ಸಲ ಆಯಿತು. ದಾದಾಳ ಮುತ್ತಜ್ಜಿಯ ಸರದಿಯಲ್ಲಿ "ನಾಸಿಕ್" ಎಂಬ ಮಾತು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ದಾದಾ ತಿರುಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಅದಾದ ಮೇಲೆ ನೀರು. ಹಡಗಿನಿಂದ ಇಳಿದವರಿಗೆ ದಡದಲ್ಲಿ ಮೊದಲು ಸಿಕ್ಕಿದ್ದು ನೀರಂತೆ, ಇದ್ದ ಪಾತ್ರೆ ಒಂದೇ ಅಂತೆ. ಅದಕ್ಕೇ ಆ ದಿನ ಒಂದೇ ಮಗ್ಗು ಎಲ್ಲರ ಬಾಯಿಗೂ ಹೋಗಬೇಕು, ಬಂದ ನೆಂಟರೂ ಕುಡಿಯಬೇಕು. ಮಗ್ಗು ಒಬ್ಬರಿಂದೊಬ್ಬರಿಗೆ ದಾಟುತ್ತಾ ನಮ್ಮ ಸಾಲಿಗೆ ಬಂತು. ದಾದಾ ಒಂದು ಗುಟುಕು ಕುಡಿದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

ಬ್ಯಾಗಿನ ಲೋಟ ತೆಗೆಯಲು ನಾಚಿಕೆಯಾಯಿತು. ಹಾಗಂತ ಆ ಮಗ್ಗಿಗೆ ತುಟಿ ಹಚ್ಚಲೂ ಆಗಲಿಲ್ಲ. ಕತ್ತು ಹಿಂದಕ್ಕೆ ಚಾಚಿ, ಮಗ್ಗನ್ನು ಗೇಣುದ್ದ ಮೇಲೆ ಹಿಡಿದು, ಬಾಯಿಗೆ ನೀರು ಸುರಿದುಕೊಂಡೆ. ನಾವು ಚಿಕ್ಕಂದಿನಿಂದ ಎತ್ತಿ ಕುಡಿದು ಬೆಳೆದವರು. ಒಂದು ಹನಿ ಸೀರೆಯ ಮೇಲೆ ಬೀಳಲಿಲ್ಲ.

ಹಿಂದಿನ ಬೆಂಚಿನ ಮಕ್ಕಳು ಚಪ್ಪಾಳೆ ತಟ್ಟಿದವು. "ಅಬ್ಬಾ, ಇಂಡಿಯಾದ ಸರ್ಕಸ್ಸು!" ಎಂದು ಯಾರೋ ಕೂಗಿದರು. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ದಾದಾ ನಗಲಿಲ್ಲ. "ಅವರ ಕಡೆ ಹಾಗೇ ಕುಡಿಯೋದು," ಎಂದು ಪಕ್ಕದವಳಿಗೆ ಹೇಳಿ ಮಗ್ಗನ್ನು ಮುಂದೆ ದಾಟಿಸಿದಳು.

ವಾಪಸು ಬರುವಾಗ ಮಟಾಟುವಿನಲ್ಲಿ, ಇಲ್ಲಿನ ಬಾಡಿಗೆ ವ್ಯಾನಿನಲ್ಲಿ, ನಾನು ಕಿಟಕಿಯ ಬಳಿ, ಅವಳು ಪಕ್ಕದಲ್ಲಿ. ಸುಮಾರು ದೂರ ಬಂದ ಮೇಲೆ ಅವಳು ಮೆಲ್ಲಗೆ ಮಾತು ತೆಗೆದಳು.

"ಅಲ್ಲಿದ್ದವರಿಗೆ ಗೊತ್ತಾಗಲಿಲ್ಲ ಅಮ್ಮಾ. ನನಗೆ ಗೊತ್ತಾಯ್ತು."

"ಏನು?"

"ಮನೇಲಿ ನೀವು ಒಬ್ಬರೇ ಇದ್ದಾಗ ತುಟಿ ಹಚ್ಚಿ ಕುಡಿಯೋದನ್ನ ಒಂಬತ್ತು ವರ್ಷ ನೋಡಿದೀನಿ." ಆಮೇಲೆ ಕೇಳಿದಳು. "ಬೇಜಾರಿಲ್ಲ. ಒಂದು ಮಾತು ನಿಜ ಹೇಳಿ. ನಿಮ್ಮ ಊರಲ್ಲಿ ನಮ್ಮಂಥವರು ಇದ್ದರಾ? ಯಾರಾದರೂ ಹಿಡಿದಿಟ್ಟುಕೊಂಡಿದ್ದ ಜನ?"

"ಇಲ್ಲಪ್ಪ. ನಮ್ಮಲ್ಲಿ ಅಂಥದ್ದೆಲ್ಲ ಇರಲೇ ಇಲ್ಲ," ಎಂದೆ.

ಸುಳ್ಳು. ನಮ್ಮ ಮನೆಯಲ್ಲೇ ಒಬ್ಬ ಇದ್ದ. ಅವನ ಅಪ್ಪ ಯಾವಾಗಲೋ ಮಾಡಿದ ಸಾಲಕ್ಕೆ ಜೀತಕ್ಕೆ ಬಂದು, ನಮ್ಮ ಕೊಟ್ಟಿಗೆಯಲ್ಲೇ ಮುದುಕನಾದ. ಅವನ ಲೋಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ನನ್ನ ಅಮ್ಮ ಅದಕ್ಕೆ ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ಜೀತ ಇಟ್ಟುಕೊಳ್ಳಬಾರದೆಂದು ಕಾನೂನು ಬಂದು, ತಾಲ್ಲೂಕಿನ ಅಧಿಕಾರಿ ಊರಿಗೆ ಬಂದ ದಿನ ನನ್ನ ಅಪ್ಪ ಅವನಿಗೆ ಹೇಳಿಕೊಟ್ಟರು. "ಕೂಲಿಗಿದ್ದೀನಿ ಬುದ್ಧಿ ಅನ್ನು, ತಿಳೀತಾ?" ಅವನು ಹಾಗೆಯೇ ಹೇಳಿದ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ಮದುವೆಯ ವಯಸ್ಸಿನ ಹುಡುಗಿ, ಎಲ್ಲ ಅರ್ಥವಾಗುತ್ತಿತ್ತು. ಅಧಿಕಾರಿ ಕಾಫಿ ಕುಡಿದು ಹೋದ. ಅವನು ಮತ್ತೆ ಕೊಟ್ಟಿಗೆಗೆ ಹೋದ. "ಅವನು ಮನೆಯವನ ಹಾಗೇ ಇದ್ದ," ಎಂದು ನಮ್ಮ ಕಡೆಯವರು ಈಗಲೂ ಹೇಳುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಅನುಮಾನ ಬರುತ್ತದೆ. ಮನೆಯವನ ಲೋಟ ಸೂರಿನಲ್ಲಿ ಯಾಕಿತ್ತು?

ಸೋಮವಾರ ದಾದಾ ಬರಿಗೈಯಲ್ಲಿ ಬಂದಳು. ಸಂಜೆ ಹೊರಟಾಗ, "ಬ್ಯಾಗೆಲ್ಲಿ?" ಎಂದೆ.

"ಇನ್ನು ತರಲ್ಲ ಅಮ್ಮಾ. ನಿಮಗೂ ಒಂದು ಕೆಲಸ ಕಮ್ಮಿ."

ಅಂದಿನಿಂದ ಅವಳು ನಮ್ಮ ಮನೆಯಲ್ಲಿ ನೀರನ್ನೂ ಕುಡಿಯಲಿಲ್ಲ. ಬಿಸಿಲಲ್ಲಿ ಬಟ್ಟೆ ಒಗೆದು ಬಂದರೂ ಇಲ್ಲ. ಕೇಳಿದರೆ "ಬೇಡ, ಅಸಾಂಟೆ," ಎಂದು ಥ್ಯಾಂಕ್ಸ್ ಹೇಳಿ ಕೆಲಸಕ್ಕೆ ತಿರುಗುವಳು. ಕೆಲಸದಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಎರಡು ತಿಂಗಳಾದ ಮೇಲೆ ಮಗಳ ಬಾಣಂತನವೆಂದು ಮೊಂಬಾಸಾಕ್ಕೆ ಹೋದಳು, ತಿರುಗಿ ಬರಲಿಲ್ಲ. ಬಾಣಂತನ ನೆಪ ಎಂದು ನನ್ನ ಅನುಮಾನ. ಆ ಒಂದು ಅನುಮಾನ ಮಾತ್ರ ಸರಿಯಿತ್ತೇನೋ...

ಹೋದ ತಿಂಗಳು ನಿಮ್ಮ ಶಾಲೆಯಲ್ಲಿ ಗುಲಾಮರ ಬಿಡುಗಡೆಯ ನಾಟಕ ಆಯಿತಲ್ಲ? ಚಿಕ್ಕವನು ಬಿಡಿಸುವ ಹಡಗಿನ ಕ್ಯಾಪ್ಟನ್ ಆಗಿದ್ದ. ನಾನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ಆಮೇಲೆ ನನ್ನನ್ನು ಕಾಡಿತು. ನಮ್ಮ ಮನೆಯವರು ಆ ಹಡಗಿನಲ್ಲಿರಲಿಲ್ಲ, ಮಗು.

ಅದಕ್ಕೇ ಮಂಗಳವಾರ ಮನೆಗೆ ಬಂದವಳೇ ಹಳೆಯ ಡೈರಿ ಹುಡುಕಿ ದಾದಾಳ ಮಗಳ ನಂಬರಿಗೆ ಫೋನು ಮಾಡಿದೆ. ನಂಬರು ಅದೇ ಇತ್ತು. ಲೊರೆಶೋದಲ್ಲಿ ನಿನ್ನ ಅಮ್ಮ ಕೆಲಸ ಮಾಡುತ್ತಿದ್ದ ಮನೆಯವಳು ನಾನು ಎಂದು ಹೇಳಿದೆ.

"ಏನು ಕಳೆದಿದೆ?" ಎಂದಳು.

"ಏನೂ ಕಳೆದಿಲ್ಲಮ್ಮಾ..."

"ಮತ್ತೆ ಇಷ್ಟು ವರ್ಷದ ಮೇಲೆ ಯಾಕೆ? ಅಮ್ಮ ತೀರಿಹೋಗಿ ಎರಡು ವರ್ಷ ಆಯ್ತು."

ಕುರ್ಚಿ ಎಳೆದುಕೊಂಡು ಕೂತೆ. ಬಾಯಿ ಒಣಗಿತ್ತು. ಆದರೂ ನನ್ನ ಹರಕು ಸ್ವಾಹಿಲಿಯಲ್ಲಿ ಹೇಳಿದೆ. ನಿನ್ನ ಅಮ್ಮ ಮಟಾಟುವಿನಲ್ಲಿ ಒಂದು ಪ್ರಶ್ನೆ ಕೇಳಿದ್ದಳು, ನಾನು ಇಲ್ಲ ಎಂದಿದ್ದೆ. ನಮ್ಮ ಮನೆಯಲ್ಲಿ ಒಬ್ಬನಿದ್ದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಫೋನಿನಲ್ಲಿ ನನಗೆ ಹೇಳಿದರೆ ನಿಮಗೆ ಹಗುರವಾಗುತ್ತೆ, ಅಷ್ಟೇ," ಎಂದಳು. "ಮುಂದಿನ ತಿಂಗಳು ನಮ್ಮ ದಿನ ಇದೆ. ಹಾಲ್ ಅದೇ. ಮೊಂಬಾಸಾದಿಂದ ಬಂದು ಈಗ ನಾನೇ ನಡೆಸ್ತೀನಿ. ಬಂದು ಎಲ್ಲರ ಮುಂದೆ ಹೇಳಿ. ಆ ಮನುಷ್ಯನ ಹೆಸರು ಗೊತ್ತಿದ್ದರೆ ಅದನ್ನೂ ಹೇಳಿ, ಓದ್ತೀವಿ."

ಅವಮಾನ ಮಾಡಲು ಕರೆಯುತ್ತಿದ್ದಾಳೇನೋ ಎಂಬ ಅನುಮಾನ ಫೋನಿಡುವ ಮೊದಲೇ ಬಂತು. ಈ ವಯಸ್ಸಿನಲ್ಲೂ ಬಿಡದ ಹಾಳು ಬುದ್ಧಿ. ಅವನ ಹೆಸರು ನನಗೆ ಗೊತ್ತು. ಬರುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಆದರೆ ಮಕ್ಕಳೇ, ನಾನು ನನ್ನನ್ನೇ ನಂಬುವುದಿಲ್ಲ. ಆ ದಿನ ಬೆಳಿಗ್ಗೆ ಮಂಡಿ ನೋವು ಎನ್ನಬಹುದು, ತಲೆ ಸುತ್ತು ಎನ್ನಬಹುದು. ನೀವು ಒಪ್ಪಬೇಡಿ. ಕೈ ಹಿಡಿದು ಕರೆದುಕೊಂಡು ಹೋಗಿ ಆ ಜನರ ಮುಂದೆ ನಿಲ್ಲಿಸಿ. ನಾನು ಹೇಗೋ ಹೇಳಿ ಮುಗಿಸುತ್ತೇನೆ. ಕೇಳಬೇಕಾಗಿದ್ದವಳು ಮಾತ್ರ ಅಲ್ಲಿರುವುದಿಲ್ಲ.