ಕಿವಿಗೆ ಬೆಲ್ಲದ ಪಾಕ

ಬಾಬುರಾಯನಕೊಪ್ಪಲಿನ ನಮ್ಮ ಬೀದಿಯಲ್ಲಿ ಮನೆಗೊಬ್ಬ ಪಂಡಿತನಿದ್ದಾನೆ, ಎಲ್ಲರ ಪಾಂಡಿತ್ಯವೂ ನಾಯಿಯ ಕಿವಿಯಲ್ಲಿ. ಇದು ನನಗೆ ಗೊತ್ತಾದದ್ದು ಜರ್ಮನ್ ಶೆಫರ್ಡ್ ಮರಿಯೊಂದನ್ನು ತಂದ ಮೇಲೆ. ಅಲ್ಲಿಯವರೆಗೆ ಈ ಜನಕ್ಕೆ ಕಿವಿ ಬೇಕಾಗಿರುವುದು ಚಾಡಿ ಕೇಳುವುದಕ್ಕೆ ಮಾತ್ರ ಎಂದುಕೊಂಡಿದ್ದೆ.

ಮರಿ ಬಂದದ್ದು ಮೈಸೂರಿನಿಂದ. ಕುರಿ ಕಾಯುವ ಜಾತಿ ಸಾರ್, ಬುದ್ಧಿಯಲ್ಲಿ ಮನುಷ್ಯರಿಗೆ ಸಮ ಎಂದು ಕೊಟ್ಟವನು ಹೇಳಿದ್ದ. ನಮ್ಮ ಬೀದಿಯ ಮನುಷ್ಯರನ್ನು ದಿನಾ ನೋಡುವ ನನಗೆ ಅದೇನು ದೊಡ್ಡ ಹೊಗಳಿಕೆ ಅನ್ನಿಸಲಿಲ್ಲ. ಮೂರು ತಿಂಗಳು ತುಂಬುವ ಹೊತ್ತಿಗೆ ಅದರ ಎರಡೂ ಕಿವಿ ನೆಟ್ಟಗೆ ನಿಂತವು. ಸಂಜೆ ಸರಪಳಿ ಹಿಡಿದು ಬೀದಿಯ ಆ ತುದಿಯಿಂದ ಈ ತುದಿಗೆ ಸುಮ್ಮಸುಮ್ಮನೆ ಓಡಾಡಿದೆ. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿ ಸಿಗದಿದ್ದ ಮರ್ಯಾದೆ ಆ ಎರಡು ಕಿವಿಗಳಿಂದ ಸಿಕ್ಕಿತ್ತು.

ನಾಲ್ಕನೆಯ ತಿಂಗಳಲ್ಲಿ ಅದರ ಹಾಲುಹಲ್ಲು ಉದುರತೊಡಗಿದವು. ಅದೇ ವಾರ ಎಡಗಿವಿ ಮಡಚಿಕೊಂಡು ಬಿತ್ತು. ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೊರಟಿದ್ದ ಎದುರು ಮನೆಯವನು ನಿಂತು ನೋಡಿದ.

"ಬೆರಕೆ ಕಣಣ್ಣ ಇದು. ನಿಂಗೆ ಟೋಪಿ ಆಕವ್ರೆ."

ತನ್ನ ಕೊಟ್ಟಿಗೆಯ ಹಸು ಗಬ್ಬವೋ ಅಲ್ಲವೋ ಎಂದು ಹೇಳಲಾರದವನು ನನ್ನ ನಾಯಿಯ ಮೂರು ತಲೆಮಾರಿನ ಕುಲ ಹೇಳಿಬಿಟ್ಟ. ಮಾರನೆಯ ದಿನದಿಂದ ಅದು ಇಡೀ ಬೀದಿಯ ಮಾತಾಯಿತು. ಒಬ್ಬ ಹರಳೆಣ್ಣೆ ಹಚ್ಚು ಅಂದ, ಇನ್ನೊಬ್ಬ ಕೋಳಿಮೊಟ್ಟೆ ತಿನ್ನಿಸು ಅಂದ. ನನಗೆ ಅವರ ಮೇಲೆ ಅಸಹ್ಯವಿತ್ತು, ಆದರೂ ಅವರ ಕಣ್ಣಲ್ಲಿ ಚಿಕ್ಕವನಾದೆನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆ ಕಿವಿ ಏಳಲೇಬೇಕಿತ್ತು.

ಫೋನಿನಲ್ಲಿ ವಿಡಿಯೊ ನೋಡಿದೆ. ಹಳೆಯ ಹಾಸಿಗೆಯ ಸ್ಪಂಜನ್ನು ಬೆರಳುದ್ದ ಸುರುಳಿ ಮಾಡಿ, ಕಿವಿಯೊಳಗೆ ನಿಲ್ಲಿಸಿ, ಸುತ್ತ ಪ್ಲಾಸ್ಟರ್ ಸುತ್ತಬೇಕಂತೆ. ಸುತ್ತಿದೆ. ಸಂಜೆಯೊಳಗೆ ಮರಿ ಕಾಲಿನಿಂದ ಕೆರೆದು ಕಿತ್ತು ಸ್ಪಂಜನ್ನು ಅಗಿದು ಹಾಕಿತು. ಮತ್ತೆ ಸುತ್ತಿದೆ, ಮತ್ತೆ ಕಿತ್ತಿತು. ಹೆಂಡತಿ ನೋಡೀ ನೋಡೀ ಸಾಕಾಗಿ, "ಹಲ್ ಬರೋ ಮಗೀಗೆ ಜರ ಬರಾಕಿಲ್ವಾ? ಇದ್ಕೂ ಅಂಗೇಯ. ಸುಮ್ಕಿರಿ, ತಾನೇ ಏಳ್ತದೆ" ಅಂದಳು. ಹೆಂಡತಿ ಹೇಳಿದ್ದು ಸರಿ ಎಂದು ಆ ಕ್ಷಣಕ್ಕೇ ಒಪ್ಪಿಕೊಂಡ ಗಂಡನನ್ನು ನಾನಿನ್ನೂ ನೋಡಿಲ್ಲ.

ಅಂಥ ಹೊತ್ತಿಗೆ ನನ್ನ ಬಾಮೈದ ಬಂದ. ಇವನ ಅಪ್ಪ, ಅಂದರೆ ನನ್ನ ಮಾವ, ಬಿಂಡಿಗನವಿಲೆಯಲ್ಲಿ ಇವತ್ತಿಗೂ ಕುರಿ ಮೇಯಿಸುತ್ತಾರೆ. ಇವನಿಗೆ ಕುರಿಯ ಹಿಂದೆ ಹೋಗಲು ಅವಮಾನ. ಪಾಂಡವಪುರದ ಹತ್ತಿರ ಆಲೆಮನೆಯೊಂದರಲ್ಲಿ ಪಾಕ ನೋಡುತ್ತಾನೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬಂತೆಂದು ವಾಸನೆಯಲ್ಲೇ ಹೇಳುತ್ತಾನೆ, ಅದನ್ನು ಅಲ್ಲಗಳೆಯಲಾರೆ. ಆದರೆ ಒಂದು ಹದ ಗೊತ್ತಿರುವವನು ಲೋಕದ ಹದವೆಲ್ಲ ತನಗೆ ಗೊತ್ತು ಎಂದುಕೊಳ್ಳುತ್ತಾನೆ.

"ಬಾವ, ನಿಮ್ ಪ್ಲಾಸ್ಟರ್ ಯಾತುಕ್ ಬತ್ತದೆ? ಪಾಕ ಆಕ್ಬುಡಾನ. ಕೊಪ್ಪರಿಗೆ ಅಂಚಿಗೆ ಇಡ್ಕತ್ತು ಅಂದ್ರೆ ಉಳಿ ತಕ್ಕಂಡ್ ಒಡೀಬೇಕು. ಅದೆಂಗ್ ಬೀಳ್ತದೋ ಕಿವಿ, ನಾನೂ ನೋಡ್ತೀನಿ."

ಕೇಳಿದವರು ಯಾರಾದರೂ ನಗುತ್ತಾರೆ. ನಾನು ನಗಲಿಲ್ಲ. "ಯಾವಾಗ ತತ್ತೀಯಲಾ?" ಅಂದೆ.

ಶನಿವಾರ ಬೆಳಿಗ್ಗೆ ಟಿಫನ್ ಡಬ್ಬಿಯಲ್ಲಿ ಪಾಕ ತಂದ. ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿದ. ಮನೆಯಲ್ಲಿ ಬಿದ್ದಿದ್ದ ಯಾರದೋ ಮದುವೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕಿವಿಯ ಆಕಾರಕ್ಕೆ ಕತ್ತರಿಸಿ, ಪಾಕ ಬಳಿದು, ಎಡಗಿವಿಯೊಳಗೆ ಅಂಟಿಸಿದ. ಮರಿಯ ಬಾಯಿ ಬಿಗಿಯಾಗಿ ಹಿಡಿದವನು ನಾನು. ಪಾಕ ಇಳಿದು ಕಿವಿಯ ತೂತಿಗೆ ಹೋಗುವುದು ನನಗೆ ಕಾಣುತ್ತಿತ್ತು. ಕಂಡರೂ, "ಇನ್ನೊಂಚೂರು ಆಕ್ಲಾ, ಬುಡದಲ್ಲಿ ಸಾಲ್ದು" ಅಂದವನೂ ನಾನೇ.

ಕಿವಿ ನಿಂತಿತು! ಕಿವಿಯೊಳಗೆ ಬಂಗಾರದ ಅಕ್ಷರದಲ್ಲಿ "ತಮಗೆ ಆದರದ ಸ್ವಾಗತ" ಎಂದಿತ್ತು. ಮರಿ ಒಂದೇ ಸಮನೆ ತಲೆ ಕೊಡವುತ್ತಿತ್ತು. ಅದನ್ನು ಹಿತ್ತಲಿನ ಸಪೋಟ ಮರದ ನೆರಳಿಗೆ ಗಿಡ್ಡ ಸರಪಳಿಯಲ್ಲಿ ಕಟ್ಟಿ, ಶನಿವಾರವಾದ್ದರಿಂದ ಮೂವರೂ ಕರಿಘಟ್ಟದ ದೇವಸ್ಥಾನಕ್ಕೆ ಹೋದೆವು. ಮೆಟ್ಟಿಲು ಹತ್ತುವಾಗಲೂ ಬಾಮೈದ ಪಾಕದ ಮಹಿಮೆ ಹೇಳುತ್ತಲೇ ಇದ್ದ. ದೇವರ ಮುಂದೆ ಕಣ್ಣು ಮುಚ್ಚಿ ನಾನು ಕೇಳಿಕೊಂಡದ್ದು ಒಂದೇ, ಆ ಕಿವಿ ನಿಲ್ಲಲಿ ಎಂದು.

ಮನೆಗೆ ಬಂದಾಗ ಮಧ್ಯಾಹ್ನ. ಹಿತ್ತಲಿನಲ್ಲಿ ಸದ್ದಿರಲಿಲ್ಲ. ಮರಿ ಮಗ್ಗುಲಾಗಿ ಬಿದ್ದು ತಲೆಯನ್ನು ನೆಲಕ್ಕೆ ಉಜ್ಜುತ್ತಿತ್ತು. ಸಪೋಟ ಮರದ ಬುಡದಿಂದ ಅದರ ಎಡಗಿವಿಯವರೆಗೆ ಕೆಂಪಿರುವೆಯ ಸಾಲು. ಕಿವಿ ಕಾಣುತ್ತಲೇ ಇರಲಿಲ್ಲ, ಇರುವೆಯೇ ಮುಚ್ಚಿಕೊಂಡಿತ್ತು. ದಿನ ಬೆಳಗಾದರೆ ಬೆಲ್ಲದಲ್ಲಿ ಮುಳುಗಿ ಏಳುವ ಬಾಮೈದನಿಗಾಗಲಿ, ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿಡುವ ಮನೆಯ ಯಜಮಾನನಾದ ನನಗಾಗಲಿ ಇರುವೆಯ ನೆನಪೇ ಆಗಿರಲಿಲ್ಲ. ಬಿಸಿನೀರು ಹಾಕಿದರೆ ಕಾಗದ ಬಂತು, ಕೂದಲು ಬಂತು, ತೊಗಲೂ ಬಂತು. ಹೆಂಡತಿ ಅಳುತ್ತಾ ಕಡ್ಡಿಗೆ ಹತ್ತಿ ಸುತ್ತಿ ಒಳಗಿನ ಇರುವೆ ತೆಗೆದಳು.

ಎದುರು ಮನೆಯವನು ಕಾಂಪೌಂಡಿನ ಮೇಲಿಂದ ಇಣುಕಿದ. "ಬೆಳಗಿಂದ್ಲೂ ಒಂದೇ ಸಮ ಅರಚ್ಕತಿತ್ತು ಕಣಣ್ಣ. ನೀವಿಲ್ಲ ಅಂತ ಅಂಗಾಡ್ತದೆ ಅನ್ಕಂಡೊ."

ಆ ಪಂಡಿತರಿಗೆಲ್ಲ ನನ್ನ ನಾಯಿಯ ಕಿವಿ ಕಾಣಿಸಿತ್ತು, ಅದರ ಕೂಗು ಮಾತ್ರ ಯಾರಿಗೂ ನಾಟಿರಲಿಲ್ಲ. ಹಾಗೆಂದು ಅವನನ್ನು ಬೈದೆ. ಬೈಯುವುದು ನನಗೆ ಯಾವತ್ತೂ ಸುಲಭ.

ಪಟ್ಟಣದ ಪಶುವೈದ್ಯರು ದೀಪ ಹಾಕಿ ಕಿವಿಯೊಳಗೆ ನೋಡಿದರು. ಯಾರು ಮಾಡಿದ್ದು ಎಂದು ಕೇಳಿದಾಗ ನಾನು ಬಾಮೈದನ ಕಡೆ ಬೆರಳು ತೋರಿಸಿದೆ. ಅವನು ತಲೆ ತಗ್ಗಿಸಿ ನಿಂತನೇ ಹೊರತು, ಬಾವನೇ ಹಾಕಿಸಿದ್ದು ಎನ್ನಲಿಲ್ಲ. ಅಷ್ಟು ಹೊತ್ತು ನಾನು ತಾತ್ಸಾರ ಮಾಡಿದ್ದ ಆ ಮನುಷ್ಯನ ಮುಂದೆ ನಾನೆಂಥ ಅಲ್ಪ ಎಂದು ಅನ್ನಿಸಿದ್ದು ಆವಾಗ.

"ಹಲ್ಲು ಹುಟ್ಟೋವಾಗ ಕಿವಿ ಬೀಳೋದು ಮಾಮೂಲು ಕಣ್ರೀ," ಅಂದರು ವೈದ್ಯರು. "ನಿಲ್ಲೋದು ಬಿಡಿ, ತಾನಾಗೇ ನಿಲ್ಲುತ್ತೆ. ಒಳಗಡೆದು ನಾನು ಹೇಳಕ್ಕಾಗಲ್ಲ."

ವಾರ ಕಳೆದ ಮೇಲೆ ಬಿಂಡಿಗನವಿಲೆಯಿಂದ ಮಾವ ಬಂದರು. ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೀವು ಒರೆಸಿ, ನನ್ನ ಮುಖ ನೋಡದೆ, "ಇಲ್ಲೇ ಇದ್ರೆ ನಾಳೀಕೆ ಬಾಲಾನೂ ನಿಲ್ಲುಸ್ತೀರಿ. ನಾ ತಕ್ಕೊಯ್ತೀನಿ" ಅಂದರು. ಸರಪಳಿ ಬಿಚ್ಚಿ ಅವರ ಕೈಗೆ ಕೊಟ್ಟೆ.

ಒಂದು ವರ್ಷ ಅತ್ತ ಕಡೆ ಹೋಗದೆ ತಪ್ಪಿಸಿಕೊಂಡೆ. ಮೊನ್ನೆ ಹೆಂಡತಿ ಬಿಡಲಿಲ್ಲ. ನಾಗಮಂಗಲದಲ್ಲಿ ಬಸ್ಸು ಬದಲಿಸಿ ಹೋದೆವು. ಊರಾಚೆಯ ಹೊಲದಲ್ಲಿ ಮಾವ ಕುರಿ ಬಿಟ್ಟುಕೊಂಡು ನಿಂತಿದ್ದರು. ಸ್ವಲ್ಪ ದೂರದಲ್ಲಿ ಬಲಿತು ನಿಂತ ನಾಯಿ, ಕುರಿಗಳ ಮೇಲೆ ಕಣ್ಣಿಟ್ಟುಕೊಂಡು ಕೂತಿತ್ತು. ಎರಡು ಕಿವಿಯೂ ನೆಟ್ಟಗೆ ನಿಂತಿದ್ದವು. ಎಡಗಿವಿಯಂತೂ ಬಲಗಿವಿಗಿಂತ ಒಂದು ಕೂದಲಷ್ಟೂ ಕಡಿಮೆ ಇರಲಿಲ್ಲ. ನಮ್ಮ ಬೀದಿಯವರನ್ನೆಲ್ಲ ಕರೆತಂದು ತೋರಿಸಬೇಕು ಎಂಬ ಹಾಳು ಆಸೆ ನನ್ನಲ್ಲಿ ಆಗಲೂ ಎದ್ದಿತು.

ಹತ್ತು ಮಾರು ದೂರ ನಿಂತು ಅದನ್ನು ಕರೆದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ, ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದೆ. ಕುರಿಗಳು ತಲೆ ಎತ್ತಿ ನೋಡಿದವು. ಅದು ಮಾತ್ರ ಕದಲಲಿಲ್ಲ. ನಿಂತ ಕಿವಿಯ ತುದಿ ಸಹ ಅಲ್ಲಾಡಲಿಲ್ಲ.

"ಅಳಿಯಂದ್ರೆ," ಮಾವ ಮೆಲ್ಲಗೆ ಅಂದರು, "ಆ ಕಡೆ ನಿಂತ್ಕಂಡು ಕೂಗಬ್ಯಾಡಿ. ಆ ಕಿವಿ ಕೇಳಾಕಿಲ್ಲ. ಈ ಕಡೆ ಬನ್ನಿ."

ಸುತ್ತಿ ಬಂದು ಅದರ ಬಲಗಡೆ ನಿಂತೆ. ಕರೆಯುವ ಬದಲು ಅದರ ಪಕ್ಕದಲ್ಲೇ ನೆಲಕ್ಕೆ ಕೂತೆ.